ಬರೀ ಗಾಳಿ ಅನ್ನಬೇಡಿ

ನಮ್ಮ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಕಂಪ್ರೆಸರ್ ಯಂತ್ರ ನೋಡಿಕೊಳ್ಳುತ್ತಿದ್ದ ಗಾಳಿಯಣ್ಣನ ಎದುರು ಅಪ್ಪಿತಪ್ಪಿಯೂ ಆಡಬಾರದ ಮಾತೊಂದಿತ್ತು: ‘ಬರೀ ಗಾಳಿ’. ಅವನ ಅಡುಗೆಯನ್ನು ಹಳಿದರೆ ನಕ್ಕು ಸುಮ್ಮನಾಗುತ್ತಿದ್ದ. ಅವನ ಬೋಳುತಲೆಯನ್ನು ಆಡಿಕೊಂಡರೆ ತಾನೂ ಸೇರಿಕೊಂಡು ಎರಡು ಮಾತು ಹೆಚ್ಚೇ ಆಡುತ್ತಿದ್ದ. ಆದರೆ ಯಾವನಾದರೂ ಡ್ರೈವರ್ ಚಪ್ಪಟೆಯಾದ ಟೈರನ್ನು ಕಾಲಲ್ಲಿ ಒದ್ದು ‘ಏನಾಗಿಲ್ಲ, ಬರೀ ಗಾಳಿ ಹೋಗಿದೆ’ ಅಂದನೋ, ಕಂಪ್ರೆಸರ್ ಕೋಣೆಯ ಬಾಗಿಲಲ್ಲಿ ಮೊದಲು ಅವನ ಬಲಗಿವಿ, ಆಮೇಲೆ ಮೂಗು, ಆಮೇಲೆ ಖಾಕಿ ಕೋಟು, ಹೀಗೆ ಕಂತುಕಂತಾಗಿ ಇಡೀ ಮನುಷ್ಯ ಹೊರಗೆ ಬರುತ್ತಿದ್ದ.

“ಬರೀ ಅಂದ್ಯಾ? ಬಾ ಇಲ್ಲಿ. ಬಸ್ಸಿನ ತುಂಬ ಜನ ಹೇರ್ಕೊಂಡು ಇಳಿಜಾರಲ್ಲಿ ಬರ್ತೀಯಲ್ಲ, ಬ್ರೇಕ್ ಒತ್ತಿದಾಗ ಚಕ್ರ ಹಿಡಿಯೋದು ಯಾರು? ನಿಮ್ಮ ಮಾವನಾ? ಗಾಳಿ ಕಣೋ. ಇದೆಯೋ ಇಲ್ವೋ, ನೀನೇ ಹೇಳು.”

‘ಇದೆಯೋ ಇಲ್ವೋ, ನೀನೇ ಹೇಳು’ ಎಂಬುದು ಅವನ ಮಾತಿಗೆಲ್ಲ ಅಂಟಿಕೊಂಡ ಬಾಲ. ಅನ್ನದ ರುಚಿಯ ಬಗ್ಗೆ ಹೇಳಿದರೂ ಅದೇ, ಹೆಂಡತಿಯ ಕೋಪದ ಬಗ್ಗೆ ಹೇಳಿದರೂ ಅದೇ. ಎದೆ ಮುಂದಕ್ಕೆ ಬಿಟ್ಟು, ನೀರಿನಲ್ಲಿ ಮುಳುಗುವ ಮೊದಲು ಉಸಿರು ಕಟ್ಟಿದವನಂತೆ ನಡೆಯುತ್ತಿದ್ದ. ಮಾತು ಶುರು ಮಾಡುವ ಮುಂಚೆ ಒಂದು ದೊಡ್ಡ ಉಸಿರನ್ನು ಒಳಗೆಳೆದುಕೊಳ್ಳುತ್ತಿದ್ದ. ಅದು ಎಷ್ಟು ದೊಡ್ಡದು ಎಂಬುದರ ಮೇಲೆ ನಾವು ಮಾತಿನ ಉದ್ದವನ್ನು ಅಂದಾಜು ಮಾಡಿ, ಬೇಕಾದರೆ ಆಗಲೇ ಜಾಗ ಖಾಲಿ ಮಾಡುತ್ತಿದ್ದೆವು. ಕೋಟಿನ ಒಂದು ಜೇಬಿನಲ್ಲಿ ಗಾಳಿಯ ಒತ್ತಡ ನೋಡುವ ಗೇಜು, ಇನ್ನೊಂದರಲ್ಲಿ ಅದನ್ನು ಒರೆಸುವ ಬಟ್ಟೆ. ಎಂಥ ಸುಡುಬಿಸಿಲಿನಲ್ಲೂ ಆ ಕೋಟನ್ನು ಬಿಚ್ಚಿದ್ದನ್ನು ನಾನು ನೋಡಿಲ್ಲ. ಕೇಳಿದರೆ, ಬಟ್ಟೆಗೂ ಮೈಗೂ ನಡುವೆ ನಿಂತ ಗಾಳಿ ಬಿಸಿಯನ್ನು ಒಳಗೆ ಬಿಡುವುದಿಲ್ಲ ಎಂದು ಬೆವರು ಒರೆಸಿಕೊಳ್ಳುತ್ತ ವಾದಿಸುತ್ತಿದ್ದ.

ನಾನು ಅದೇ ವರ್ಕ್‌ಶಾಪಿನಲ್ಲಿ ಸೀಟು ಹೊಲಿಯುವವನು. ಶಾಲೆಯ ಮೆಟ್ಟಿಲು ಹತ್ತದ ನನಗೆ ಅಕ್ಷರ ಕಲಿಸಿದ್ದು ಬಸ್ಸುಗಳ ಹಣೆಯ ಮೇಲಿನ ಬೋರ್ಡುಗಳು. ಆ ಕಾರಣಕ್ಕೋ ಏನೋ, ನನ್ನ ಬರವಣಿಗೆಯೂ ಅಲ್ಲಲ್ಲಿ ನಿಂತು, ಜನರನ್ನು ಹತ್ತಿಸಿಕೊಂಡೇ ಮುಂದೆ ಹೋಗುತ್ತದೆ. ಆತುರವಿದ್ದವರು ಇಲ್ಲೇ ಇಳಿದುಕೊಳ್ಳಬಹುದು, ನನ್ನದೇನೂ ತಕರಾರಿಲ್ಲ.

ವರ್ಕ್‌ಶಾಪಿಗೆ ಹೊಸದಾಗಿ ಸೇರಿದವರು ಯಾರೇ ಇರಲಿ, ಮೊದಲ ದಿನ ಗಾಳಿಯಣ್ಣನ ಕೋಣೆಯಲ್ಲಿ ಕಾಲು ಗಂಟೆ ನಿಲ್ಲಲೇಬೇಕು. ಇದು ಯಾರೂ ಮಾಡದ, ಯಾರೂ ಮುರಿಯದ ನಿಯಮ. ಅವನು ಮೊದಲು ಒತ್ತಿದ ಗಾಳಿ ತುಂಬಿಡುವ ಟ್ಯಾಂಕಿನ ತಳದಲ್ಲಿದ್ದ ಪುಟ್ಟ ನಲ್ಲಿಯನ್ನು ತಿರುಗಿಸುತ್ತಿದ್ದ. ಬುಸ್ಸೆಂದು ನೀರು ಚಿಮ್ಮಿ ಹೊಸಬರ ಕಾಲು ತೋಯುತ್ತಿತ್ತು.

“ಈ ನೀರು ಯಾರು ಹಾಕಿದ್ದು?”

“ನೀವೇ ಹಾಕಿರ್ತೀರ, ಅಣ್ಣ.”

“ನಾನು ಹಾಕಿದ್ದು ಗಾಳಿ. ನಿನ್ನ ಸುತ್ತ ಇರೋ ಗಾಳಿ ನೀರು ಕುಡ್ಕೊಂಡೇ ತಿರುಗ್ತಿರುತ್ತೆ. ಹಿಡಿದು ಹಿಂಡಿದೆ, ಆರೋಕೆ ಬಿಟ್ಟೆ, ಕಕ್ಕಿತು. ಒದ್ದೆಬಟ್ಟೆ ಹಿಂಡಿದ ಹಾಗೆ. ಇದೆಯೋ ಇಲ್ವೋ, ನೀನೇ ಹೇಳು.”

ಆಮೇಲೆ ಪಂಪಿನ ಕತ್ತಿನ ಮೇಲೆ ಕೈಯಿಡಿಸುತ್ತಿದ್ದ. ಹೊಸಬರು ಬೆಚ್ಚಿ ಕೈ ಹಿಂದೆಳೆದುಕೊಂಡರೆ, ಒತ್ತಿದರೆ ಗಾಳಿಗೂ ಸಿಟ್ಟು ಬಂದು ಕಾಯುತ್ತದೆ, ಬಿಟ್ಟುಬಿಟ್ಟರೆ ತಣ್ಣಗಾಗುತ್ತದೆ ಎಂದು ವಿವರಿಸುತ್ತಿದ್ದ. ಬಕೆಟ್ಟಿನ ನೀರಿನಲ್ಲಿ ಗಾಜಿನ ಲೋಟವನ್ನು ಬೋರಲಾಗಿ ಮುಳುಗಿಸಿ, ಅದರ ತಳಕ್ಕೆ ತುರುಕಿದ್ದ ಚಿಂದಿಯನ್ನು ಒಣಗಿದ್ದಂತೆಯೇ ಹೊರತೆಗೆದು, ಜಾದೂಗಾರನ ಗತ್ತಿನಲ್ಲಿ ಅದರಿಂದಲೇ ಮೂಗು ಒರೆಸಿಕೊಳ್ಳುತ್ತಿದ್ದ. ಲೋಟದ ಒಳಗೆ ಮೊದಲೇ ಒಬ್ಬರು ವಾಸವಿರುವಾಗ ನೀರು ಹೇಗೆ ಒಳಗೆ ಬಂದೀತು ಎಂಬುದು ಅವನ ಪ್ರಶ್ನೆ.

ಎಲ್ಲವೂ ಅವನಿಗೆ ಹೀಗೆ ಸಲೀಸಾಗಿ ಒಲಿದಿತ್ತು ಅಂದುಕೊಳ್ಳಬೇಡಿ. ಗಾಳಿಗೆ ತೂಕವಿದೆ ಎಂದು ತೋರಿಸಲು ಹೋಗಿ ಒಮ್ಮೆ ಸ್ಟೋರಿನ ಮುಂದೆ ಮರ್ಯಾದೆ ಕಳೆದುಕೊಂಡಿದ್ದ. ನನ್ನಿಂದ ಒಂದು ರೆಕ್ಸಿನ್ ಚೀಲ ಹೊಲಿಸಿಕೊಂಡು, ಒಮ್ಮೆ ಮಡಿಸಿ ತೂಗಿದ, ಆಮೇಲೆ ಮೆತ್ತಗೆ ಗಾಳಿ ತುಂಬಿ ತೂಗಿದ. ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ. ಸ್ಟೋರ್‌ಕೀಪರ್ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು, ‘ಅಯ್ಯಪ್ಪ, ಭಾರ ತಡೆಯೋಕಾಗ್ತಿಲ್ಲ, ಇಬ್ಬರು ಬನ್ನಿ’ ಎಂದು ಇಡೀ ಅಂಗಳ ಸುತ್ತಿದ. ಗಾಳಿಯಣ್ಣ ಎಷ್ಟೋ ದಿನ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೊಂದು ಮಧ್ಯಾಹ್ನ ತೊಟ್ಟಿಯಲ್ಲಿ ಕೈ ತೊಳೆಯುತ್ತಿದ್ದವನು ಒದ್ದೆ ಕೈಯಲ್ಲೇ ನನ್ನ ಬಳಿ ಓಡಿಬಂದ: “ನೀರೊಳಗೆ ನೀರು ತುಂಬಿದ ಕೊಡ ಭಾರ ಅನ್ಸುತ್ತಾ? ಇಲ್ಲ. ಹೊರಗಿನ ನೀರು ಎತ್ತಿ ಹಿಡ್ಕೊಂಡಿರುತ್ತೆ. ನಾನೂ ನೀನೂ ಗಾಳಿಯ ತೊಟ್ಟೀಲಿ ಮುಳುಗಿದೀವಯ್ಯ. ಒಳಗೆ ಹೊರಗೆ ಒಂದೇ ಆದ್ರೆ ತೂಕ ಕಾಣಲ್ಲ. ತುರುಕಬೇಕು, ಒದ್ದು ತುರುಕಬೇಕು.” ಅವತ್ತೇ ಬಸ್ಸಿನ ಚಕ್ರವೊಂದನ್ನು ಗಾಳಿ ತೆಗೆದು ತೂಗಿಸಿ, ಮತ್ತೆ ಗಟ್ಟಿಯಾಗಿ ಗಾಳಿ ಹಿಡಿಸಿ ತೂಗಿಸಿದ. ಈ ಸಲ ಮುಳ್ಳು ಜರುಗಿತು. ಸ್ಟೋರ್‌ಕೀಪರನನ್ನು ಕೂಗಿ, ‘ಈಗ ಕಂಕುಳಲ್ಲಿ ಇಟ್ಕೊಳ್ಳಪ್ಪ’ ಅಂದ.

ಸೋಲು ಒಪ್ಪುವ ಜಾತಿಯಂತೂ ಅವನದಲ್ಲ. ಗಾಳಿ ಒಂದೇ ವಸ್ತುವಲ್ಲ, ಹಲವು ಅನಿಲಗಳ ಬೆರಕೆ ಎಂದು ಎಲೆಕ್ಟ್ರಿಷಿಯನ್ ಹುಡುಗಿ ಹೇಳಿದಾಗ, ‘ಬೆರಕೆ’ ಎಂಬ ಮಾತಿಗೇ ಸಿಡಿದುಬಿದ್ದು ಅವಳ ಜೊತೆ ಮಾತು ಬಿಟ್ಟಿದ್ದ. ಒಳಗೊಳಗೇ ಒಪ್ಪಿಕೊಂಡ ಮೇಲೆ ಅದನ್ನೂ ತನ್ನದೇ ಸಂಶೋಧನೆಯಂತೆ ಹೊಸಬರಿಗೆ ಹೇಳತೊಡಗಿದ: “ಐದರಲ್ಲಿ ಒಂದು ಪಾಲು ಮಾತ್ರ ನಮ್ಮ ಉಸಿರಿಗೆ ಬೇಕಾದ್ದು. ಉಳಿದ ಪಾಲೆಲ್ಲ ಹೆಚ್ಚುಕಮ್ಮಿ ಮದುವೆಗೆ ಬಂದ ನೆಂಟರು. ಬರ್ತಾರೆ, ಹೋಗ್ತಾರೆ, ಕೆಲಸಕ್ಕಿಲ್ಲ. ಆದ್ರೆ ಅವರಿಲ್ದಿದ್ರೆ ಒಂದೇ ಕಿಡಿಗೆ ಚಪ್ಪರ ಬೂದಿ.” ಹುಡುಗಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಅವನಿಗೊಬ್ಬ ಅಣ್ಣ. ಅದೇ ವರ್ಕ್‌ಶಾಪಿನಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆಯುತ್ತಿದ್ದ. ಎಲ್ಲರೂ ಅವನನ್ನು ಪೇಂಟರಣ್ಣ ಎನ್ನುತ್ತಿದ್ದರು. ತಮ್ಮ ಬಿರುಗಾಳಿಯಾದರೆ ಅಣ್ಣ ಹೊಸಿಲಲ್ಲಿಟ್ಟ ದೀಪ; ಯಾರ ಗಂಟಲು ಏರಿದರೂ ಅವನ ಮುಖ ನಡುಗುತ್ತಿತ್ತು. ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು, ಒಟ್ಟಿಗೆ ಬಂದು ಒಟ್ಟಿಗೆ ಹೋಗುತ್ತಿದ್ದರು, ಮತ್ತು ದಾರಿ ಎಷ್ಟೇ ಇಕ್ಕಟ್ಟಾಗಿರಲಿ, ಅಣ್ಣ ತಮ್ಮನ ಬಲಕ್ಕೇ ನಡೆಯುತ್ತಿದ್ದ. ಏಕೆಂದರೆ ಗಾಳಿಯಣ್ಣನ ಎಡಗಿವಿ ಪೂರ್ತಿ ಕೆಪ್ಪು. ಅದು ಹೇಗಾಯಿತು ಎಂಬುದಕ್ಕೆ ಅವನ ಬಳಿ ಕೇಳಿದವರ ಮುಖಕ್ಕೆ ತಕ್ಕಂತೆ ಉತ್ತರಗಳಿದ್ದವು. ಕಂಡಕ್ಟರುಗಳಿಗೆ ‘ನಿಮ್ಮ ಸೀಟಿ ಕೇಳಿ ಕೇಳಿ’. ಹೆಂಗಸರಿಗೆ ‘ನಮ್ಮತ್ತೆ ಆ ಕಡೆ ಕೂರ್ತಿದ್ರು’. ಮನೆಯವರಿಗೆ ಮಾತ್ರ ಹೇಳಿದ್ದು ಒಂದೇ: ಚಿಕ್ಕ ವಯಸ್ಸಿನಲ್ಲಿ ಜ್ವರ ಬಂದು ಹೋಯಿತು ಎಂದು.

ನಿಜ ನನಗೆ ಗೊತ್ತಾದದ್ದು, ಮರೆತು ಅವನ ಎಡಕ್ಕೆ ಕೂತು ಬಹಳ ಹೊತ್ತು ನನ್ನ ಮಗಳ ವಿಷಯ ಮಾತಾಡಿ, ಉತ್ತರ ಬಾರದೆ ಮುನಿಸಿಕೊಂಡ ದಿನ. ಸಮಾಧಾನ ಮಾಡಲು ಹೇಳಿದ. ಅಣ್ಣ ತಮ್ಮಂದಿರು ಬೇರೊಂದು ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದಾಗ, ಸಂಜೆ ಮೈಯ ಧೂಳು ಹಾರಿಸಿಕೊಳ್ಳುವ ಹೊತ್ತಿನಲ್ಲಿ, ಅಣ್ಣ ತಮಾಷೆಗೆ ಗಾಳಿ ಪೈಪನ್ನು ತಮ್ಮನ ಕಿವಿಯ ಹತ್ತಿರ ತಂದು ಒತ್ತಿದ್ದ.

“ಅಣ್ಣ ನಕ್ಕ. ನಾನೂ ನಕ್ಕೆ. ನಗು ಒಂದೇ ಕಿವಿಲಿ ಕೇಳಿಸ್ತು,” ಎಂದ. “ಅದೇ ವಾರ ಜ್ವರ ಬಂತು, ಪುಣ್ಯಕ್ಕೆ. ಜ್ವರದ ತಲೆಗೆ ಕಟ್ಟಿದೆ. ಅಣ್ಣನಿಗೆ ಗೊತ್ತಾದ್ರೆ ಅವನು ಊಟ ಬಿಡ್ತಾನೆ. ನೀನು ಬಾಯಿ ಬಿಟ್ಟೆ ಅಂದ್ರೆ, ನಿನ್ನ ಹೊಲಿಗೆ ಮಿಷನ್ನು ಗುಜರಿಗೆ.”

ಈಗ ಆ ಪೈಪಿನ ವಿಷಯ. ನಮ್ಮ ವರ್ಕ್‌ಶಾಪಿನಲ್ಲೂ ಅದೇ ಪದ್ಧತಿಯಿತ್ತು. ಸಂಜೆ ಸೈರನ್ ಆದೊಡನೆ ಬಾಗಿಲ ಪಕ್ಕದ ಗಾಳಿ ಪೈಪಿನ ಮುಂದೆ ಜನ ಸಾಲುಗಟ್ಟುತ್ತಿದ್ದರು. ರಬ್ಬರಿನ ಪುಡಿ, ತುಕ್ಕು, ಉಜ್ಜಿದ ಬಣ್ಣದ ಹೊಟ್ಟು, ನನ್ನ ಸೀಟುಗಳ ಹತ್ತಿಯ ಎಳೆ, ಎಲ್ಲವೂ ಒಂದೇ ಉಸಿರಿಗೆ ಹಾರಿಹೋಗುತ್ತಿತ್ತು. ದಿನವಿಡೀ ಬೆಂದ ಮೈಗೆ ಆ ತಣ್ಣನೆಯ ಗಾಳಿಯ ಹಿತವನ್ನು ಏನೆಂದು ಹೇಳಲಿ. ಕಾಲರಿನೊಳಗೆ ಬಿಟ್ಟುಕೊಳ್ಳುತ್ತಿದ್ದರು, ತೋಳೊಳಗೆ ಬಿಟ್ಟು ಅಂಗಿಯನ್ನು ಉಬ್ಬಿಸಿಕೊಳ್ಳುತ್ತಿದ್ದರು, ಮುಂದಿನವನ ಪ್ಯಾಂಟಿನೊಳಗೆ ಬಿಟ್ಟು ಕುಣಿಸುತ್ತಿದ್ದರು. ಗಾಳಿಯಣ್ಣ ಮಾತ್ರ ಆ ಹೊತ್ತಿಗೆ ಬಾಗಿಲಲ್ಲಿ ನಿಂತು ಬೈಯುತ್ತಿದ್ದ. ಚರ್ಮದಲ್ಲಿ ಸಣ್ಣ ಗಾಯವಿದ್ದರೆ ಗಾಳಿ ರಕ್ತಕ್ಕೆ ಹೊಕ್ಕೀತು, ಹೊಟ್ಟೆಯೊಳಗೆ ಹೋದರೆ ಕರುಳು ಹರಿದೀತು, ಕಣ್ಣಿನ ಗುಡ್ಡೆ ಕಿತ್ತುಬಂದೀತು ಎಂದು ಒಂದೊಂದು ಅಂಗದ ಹೆಸರು ಹಿಡಿದು ಕೂಗುತ್ತಿದ್ದ. ಕಿವಿಯ ಹೆಸರನ್ನು ಮಾತ್ರ ಹೇಳುತ್ತಿರಲಿಲ್ಲ.

ಅವನ ದೊಡ್ಡ ಎದುರಾಳಿ ಟೈರು ವಿಭಾಗದ ಅಕ್ಕ. ಚಕ್ರವನ್ನು ಒಂಟಿ ಕೈಯಲ್ಲಿ ಉರುಳಿಸುವ, ಮಾತನ್ನು ಅದಕ್ಕಿಂತ ಜೋರಾಗಿ ಉರುಳಿಸುವ ಹೆಂಗಸು.

“ನಿಂದು ಸರಿ ಮಾರಾಯ, ದಿನಾ ಆ ಮೋಟರ್ ಮುಂದೆ ಕೂರೋನು. ನನ್ನ ಮೈ ನೋಡು. ಹೀಗೇ ಹೋಗಿ ಮಗು ಎತ್ಕೊಂಡ್ರೆ ಅದಕ್ಕೆ ಮೈಯೆಲ್ಲ ಗಂಧೆ ಏಳುತ್ತೆ. ನಿನ್ನ ಪಾಠದಿಂದ ಧೂಳು ಹೋಗುತ್ತಾ?”

ಅವಳ ಮಾತೂ ಸುಳ್ಳಲ್ಲ. ಅದೇ ತೊಡಕು. ನಾನು ಇಬ್ಬರ ಕಡೆಗೂ ತಲೆಯಾಡಿಸಿ, ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದೆ.

ಪಾಠ ಸಾಲದೆಂದು ಅವನು ಕಣ್ಣೆದುರು ತೋರಿಸಲು ಹೊರಟ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರನ್ನೂ ಕೂಡಿಸಿ, ನಾನು ಜೋಡಿ ಹೊಲಿಗೆ ಹಾಕಿ ಕೊಟ್ಟ ರೆಕ್ಸಿನ್ ಚೀಲದ ಬಾಯಿಗೆ ಪೈಪು ಕಟ್ಟಿ, ಎಲ್ಲರನ್ನೂ ದೂರ ನಿಲ್ಲಿಸಿ ಗಾಳಿ ಬಿಟ್ಟ. ಚೀಲ ಉಬ್ಬಿತು, ಕಿರುಗುಟ್ಟಿತು, ಢಂ ಎಂದು ಹರಿದುಹೋಯಿತು. “ಇದು ನಿಮ್ಮ ಹೊಟ್ಟೆ ಅಂದ್ಕೊಳ್ಳಿ,” ಎಂದ. ಜನ ಹರಿದ ಚೀಲದ ಸುತ್ತ ಮುತ್ತಿಕೊಂಡರು. ಆಮೇಲೆ ಚಪ್ಪಾಳೆ ಬಿತ್ತು. ಇನ್ನೊಂದು ಸಲ ಮಾಡು ಎಂದರು. ಮರುದಿನ ಪಕ್ಕದ ಶೆಡ್ಡಿನವರೂ ಊಟದ ಡಬ್ಬಿ ಹಿಡಿದು ಆಟ ನೋಡಲು ಬಂದರು. ಅವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಮೊದಲ ಬಾರಿ ಕಂಡೆ. ಅವತ್ತು ಸಂಜೆ ಸೈರನ್ ಆಗುವ ಮೊದಲೇ ಬಾಗಿಲ ಕಡೆಯ ಪೈಪಿಗೆ ಗಾಳಿ ಹೋಗುವ ವಾಲ್ವನ್ನು ಮುಚ್ಚಿ, ಅದರ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಹಾಕಿದ.

ಗಲಾಟೆ ಏಳದೆ ಇರುತ್ತದೆಯೇ. ಸಂಜೆಯಿಂದ ಸಂಜೆಗೆ ಬೈಗಳು ದಪ್ಪವಾಗುತ್ತ ಹೋದವು. ಅವನ ಕೋಣೆಯ ಬಾಗಿಲಿಗೆ ಗ್ರೀಸು ಬಳಿದರು. ಊಟಕ್ಕೆ ಅವನ ಪಕ್ಕ ಕೂರುವವರು ಅವನ ಅಣ್ಣ ಮತ್ತು ನಾನು, ಇಬ್ಬರೇ. ಕೊನೆಗೆ ಎಲ್ಲರೂ ಸೇರಿ ಫೋರ್‌ಮನ್ನರನ್ನು ಕರೆತಂದರು. ಫೋರ್‌ಮನ್ ಕೆಟ್ಟವರಲ್ಲ, ಕೆಲಸ ನಿಲ್ಲಬಾರದು, ಜಗಳ ಬೆಳೆಯಬಾರದು, ತಾವು ಹೊತ್ತಿಗೆ ಸರಿಯಾಗಿ ಮನೆ ಸೇರಬೇಕು, ಇಷ್ಟೇ ಅವರ ಆಸೆ.

ಕಂಪ್ರೆಸರ್ ಕೋಣೆ ಜನರಿಂದ ತುಂಬಿತ್ತು. ಮೋಟರು ಗುಡುಗುತ್ತಿತ್ತು. ಗಾಳಿಯಣ್ಣ ವಾಲ್ವಿಗೆ ಬೆನ್ನು ಕೊಟ್ಟು ನಿಂತಿದ್ದ.

“ನೋಡಪ್ಪ,” ಎಂದರು ಫೋರ್‌ಮನ್, “ನೀನು ಹೇಳೋದು ಹೇಳ್ತಾನೇ ಇದೀಯ. ನಮ್ಮವರಲ್ಲಿ ಒಬ್ಬನಿಗಾದ್ರೂ ಇದರಿಂದ ಪೆಟ್ಟಾಗಿದ್ಯಾ? ಒಬ್ಬನ್ನ ತೋರ್ಸು. ಈ ಕ್ಷಣ ನಾನೇ ಆ ಪೈಪ್ ಕಿತ್ತು ಹಾಕಿಸ್ತೀನಿ. ತೋರ್ಸೋಕಾಗ್ಲಿಲ್ವಾ, ಬೀಗದ ಕೈ ಕೊಡು. ನಾಳೆಯಿಂದ ಈ ಕೋಣೆ ಬೇರೆಯವರು ನೋಡ್ಕೋತಾರೆ.”

ಆ ಕೋಣೆ ಬಿಟ್ಟರೆ ಅವನಿಗೆ ಈ ಭೂಮಿಯ ಮೇಲೆ ಬೇರೆ ಜಾಗವಿರಲಿಲ್ಲ. ಸಾಕ್ಷಿ ಅವನ ತಲೆಗೇ ಅಂಟಿಕೊಂಡಿತ್ತು, ಬೆರಳೆತ್ತಿ ತೋರಿಸಿದರೆ ಮುಗಿಯುತ್ತಿತ್ತು. ನಾನು ಅವನನ್ನೇ ನೋಡಿದೆ. ಅವನು ನೋಡಿದ್ದು ಗುಂಪಿನ ಅಂಚಿನಲ್ಲಿ ಬಣ್ಣದ ಕೈಗಳನ್ನು ಹೊಸೆಯುತ್ತ ನಿಂತಿದ್ದ ಅಣ್ಣನನ್ನು. ದೊಡ್ಡದೊಂದು ಉಸಿರು ಎಳೆದುಕೊಂಡ. ಉದ್ದನೆಯ ಮಾತು ಬರುತ್ತದೆ ಎಂದುಕೊಂಡೆವು.

“ತೋರ್ಸೋಕೆ ಯಾರೂ ಇಲ್ಲ,” ಎಂದ. “ಆದ್ರೂ ತೆಗಿಯಲ್ಲ.”

“ಯಾಕಯ್ಯ ಇಷ್ಟು ಮೊಂಡು?” ಎಂದಳು ಟೈರಿನಕ್ಕ. “ಬರೀ ಗಾಳಿಗೆ ಇಷ್ಟು ರಂಪಾನಾ?”

ಆ ಮಾತು ಬಿದ್ದದ್ದೇ ತಡ, ಅವನು ನಮ್ಮೆಲ್ಲರ ಕಡೆಗೂ ಬೆನ್ನು ತಿರುಗಿಸಿ, ಎರಡೂ ತೋಳುಗಳಿಂದ ವಾಲ್ವನ್ನೂ ಸರಪಳಿಯನ್ನೂ ತಬ್ಬಿ ಹಿಡಿದು, ಬಲಗೆನ್ನೆಯನ್ನು ನಡುಗುವ ಟ್ಯಾಂಕಿಗೆ ಒತ್ತಿಕೊಂಡು ನಿಂತುಬಿಟ್ಟ. ಕಿತ್ತುಕೊಳ್ಳುವವರು ತೋಳು ಮುರಿದು ಕಿತ್ತುಕೊಳ್ಳಲಿ ಎಂಬಂತೆ. ಅವನ ಎಡಗಿವಿ ಮಾತ್ರ ನಮ್ಮ ಕಡೆಗಿತ್ತು.

ಆಗ ಪೇಂಟರಣ್ಣ ಜನರ ನಡುವೆ ದಾರಿ ಮಾಡಿಕೊಂಡು ಬಂದ. ತಮ್ಮನ ಬಲಕ್ಕೇ ನಡೆಯುವ ಮನುಷ್ಯ ಅಂದು ಎಡಕ್ಕೆ ಬಂದು ನಿಂತ. ಅವನ ಬಾಯಿಂದ ಅಷ್ಟು ಜನರ ಮುಂದೆ ಮಾತು ಹೊರಟದ್ದನ್ನು ನಾವ್ಯಾರೂ ಕೇಳಿರಲಿಲ್ಲ.

“ಸಾಹೇಬ್ರೇ, ಪೆಟ್ಟಾದವನು ಇಲ್ಲೇ ಇದಾನೆ,” ಎಂದ, ತಮ್ಮನ ಕಿವಿಯ ಕಡೆಗೆ ಕೈ ತೋರಿಸಿ. “ಪೆಟ್ಟು ಕೊಟ್ಟವನು ನಾನು. ಆಟಕ್ಕೆ ಹಿಡಿದಿದ್ದೆ. ಜ್ವರ ಅಂತ ಇವನು ಮನೇಲಿ ಹೇಳಿದ್ದು. ನಾನು ನಂಬಿದ ಹಾಗೆ ಇದ್ದುಬಿಟ್ಟೆ. ನನಗೆ ಅವತ್ತೇ ಗೊತ್ತಿತ್ತು. ಇವನಿಗೆ ಹೇಳಬೇಡಿ.”

ಶಬ್ದವನ್ನು ಹೊತ್ತು ತಿರುಗುವುದು ಗಾಳಿಯ ಕೆಲಸ ಎಂದು ಗಾಳಿಯಣ್ಣ ಹೊಸಬರಿಗೆ ಕಲಿಸುತ್ತಿದ್ದ. ಆ ಸಂಜೆ ಗಾಳಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ಅಣ್ಣನ ಮಾತನ್ನು ತಮ್ಮನ ಕಿವಿಯ ತನಕ ತಂದು ನಿಲ್ಲಿಸಿತು. ಒಳಗೆ ಬಾಗಿಲು ತೆರೆಯುವವರಿರಲಿಲ್ಲ. ಟೈರಿನಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫೋರ್‌ಮನ್ ಮುಂದೆ ಬಂದರು. ಆಮೇಲೆ ಗಾಳಿಯಣ್ಣನ ಭುಜ ತಟ್ಟಿ, ಅವನು ತಿರುಗಿದ ಮೇಲೆ ಜೋರಾಗಿ ಹೇಳಿದರು: “ಬೀಗ ನಿನ್ನ ಹತ್ರನೇ ಇರ್ಲಿ. ನಾಳೆ ಪೈಪ್ ಕಿತ್ತು ಹಾಕು.”

ಗಾಳಿಯಣ್ಣ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ಏನಾಯಿತೆಂದು ಅವನಿಗೆ ತಿಳಿಯಲಿಲ್ಲ. ತಿಳಿಯದ್ದನ್ನು ಒಪ್ಪಿಕೊಳ್ಳುವ ಅಭ್ಯಾಸವೂ ಇರಲಿಲ್ಲ. ಕೋಟು ಸರಿಮಾಡಿಕೊಂಡು, “ನೋಡಿದ್ರಾ? ಗಟ್ಟಿಯಾಗಿ ನಿಂತ್ರೆ ಯಾವ ಸಾಹೇಬನಾದ್ರೂ ಬಗ್ಗಲೇಬೇಕು. ಇದೆಯೋ ಇಲ್ವೋ, ನೀವೇ ಹೇಳಿ,” ಎಂದ.

“ಇದೆಯಪ್ಪ, ಇದೆ,” ಎಂದಳು ಟೈರಿನಕ್ಕ.

ಮರುವಾರದಿಂದ ಬಾಗಿಲ ಬಳಿ ಉದ್ದ ಹಿಡಿಯ ಬ್ರಷ್ಷುಗಳು ನೇತಾಡಿದವು. ಧೂಳಿನ ಪ್ರಶ್ನೆಗೆ ತಾನೇ ಉತ್ತರ ಕೊಡಬೇಕೆಂದು ಹಟ ಹಿಡಿದ ಆ ಗರ್ವಿಷ್ಠ, ಸಂಜೆಯ ಸೈರನ್ ಆದೊಡನೆ ಒದ್ದೆಬಟ್ಟೆ, ಬ್ರಷ್ಷು ಹಿಡಿದು ಬಾಗಿಲಲ್ಲಿ ನಿಂತು, ತನ್ನ ಬಾಗಿಲಿಗೆ ಗ್ರೀಸು ಬಳಿದವರ ಬೆನ್ನುಗಳನ್ನೂ ಬೈಯುತ್ತ ಬೈಯುತ್ತ ಒರೆಸತೊಡಗಿದ. ಟೈರಿನಕ್ಕ ತನ್ನ ಮೈ ತಾನೇ ಒರೆಸಿಕೊಂಡು, “ಇಲ್ಲಿ ಇನ್ನೂ ಬಿಟ್ಟೆ ನೋಡು. ಎಮ್ಮೆ ತೊಳೆಯೋನಿಗೂ ನಿನಗಿಂತ ನಾಜೂಕಿದೆ,” ಎಂದು ಮುಂದಿನವನ ಬೆನ್ನು ತೋರಿಸುತ್ತಿದ್ದಳು. ಸಾಲಿನ ಕೊನೆಗೆ ಯಾವಾಗಲೂ ಪೇಂಟರಣ್ಣ. ಅವನ ಬೆನ್ನಿನ ಸರದಿ ಬಂದಾಗ ಬೈಗಳು ನಿಲ್ಲುತ್ತಿದ್ದವು. ಇಬ್ಬರೂ ಮಾತಿಲ್ಲದೆ ಆ ಕೆಲಸ ಮುಗಿಸಿ, ಅಣ್ಣ ಬಲಕ್ಕೆ, ತಮ್ಮ ಎಡಕ್ಕೆ, ಗೇಟು ದಾಟುತ್ತಿದ್ದರು.

ಕೊನೆಯ ತನಕ ಗಾಳಿಯಣ್ಣ ಹೊಸಬರಿಗೆ ತನ್ನ ಜಯದ ಕಥೆಯನ್ನು ಹೇಳುತ್ತಲೇ ಇದ್ದ. ಸಲದಿಂದ ಸಲಕ್ಕೆ ಅದರಲ್ಲಿ ಫೋರ್‌ಮನ್ ಹೆಚ್ಚು ಹೆಚ್ಚು ನಡುಗುತ್ತಿದ್ದರು. ನಾವು ಯಾರೂ ತಿದ್ದಲಿಲ್ಲ. ಒಂದು ವರ್ಕ್‌ಶಾಪಿನ ಅಷ್ಟೂ ಬಾಯಿಗಳು ಒಂದು ಮಾತನ್ನು ಅಷ್ಟು ವರ್ಷ ಒಳಗೇ ಹಿಡಿದಿಟ್ಟುಕೊಂಡವು ಎಂದರೆ ನೀವು ನಂಬಲಿಕ್ಕಿಲ್ಲ, ನಂಬದಿದ್ದರೆ ಬಿಡಿ. ಇಬ್ಬರೂ ಹೋದ ಮೇಲೆ ಇವತ್ತು ನಾನು ಅದನ್ನು ಹೊರಗೆ ಬಿಡುತ್ತಿದ್ದೇನೆ.

ಕಣ್ಣಿಗೆ ಬೀಳದ್ದರ ಪರವಾಗಿ ಜಗಳಕ್ಕೆ ನಿಲ್ಲುವ ಜನ ಎಲ್ಲ ಕಡೆಯೂ ಒಬ್ಬೊಬ್ಬರು ಇರುತ್ತಾರೆ. ಅವರ ಕೈಯಲ್ಲಿ ತೋರಿಸಲು ಸಾಕ್ಷಿ ಇರುವುದಿಲ್ಲ. ಇದ್ದರೂ ಅದನ್ನು ತೋರಿಸಿದರೆ ಯಾರಿಗೋ ನೋವಾಗುತ್ತದೆಂದು ಮುಚ್ಚಿಟ್ಟುಕೊಂಡು, ಬರಿಗೈಯಲ್ಲಿ, ಬೆನ್ನು ತಿರುಗಿಸಿ ನಿಲ್ಲುತ್ತಾರೆ. ತಮ್ಮನ್ನು ಯಾರು ಗೆಲ್ಲಿಸಿದರೆಂಬುದು ಅವರಿಗೆ ಗೊತ್ತಾಗುವುದೇ ಇಲ್ಲ, ಗೆದ್ದ ಜಂಬ ಮಾತ್ರ ಗೊತ್ತು. ಅವರ ಜೊತೆ ಬಾಳುವುದು ಕಷ್ಟ. ಅವರು ಬಾಗಿಲು ಕಾಯುತ್ತಿರುವುದರಿಂದಲೇ ನಾವು ಸಂಜೆ ಎರಡೂ ಕಿವಿಗಳೊಂದಿಗೆ ಮನೆ ಸೇರುತ್ತೇವೆ. ಅಂಥವರನ್ನು ಮೊಂಡರು ಅನ್ನಿ, ನಾನೂ ಅಂದಿದ್ದೇನೆ. ಬರೀ ಮೊಂಡರು ಅಂತ ಮಾತ್ರ ಅನ್ನಬೇಡಿ. ಆ ‘ಬರೀ’ಯನ್ನು ಈ ವಯಸ್ಸಿನಲ್ಲಿ ನಾನು ಸಹಿಸುವುದಿಲ್ಲ.